ಸೊಟ್ಟ ಆಮೆಗೆ ಮೊದಲ ಬಹುಮಾನ

ಕಸದಿಂದ ಕಲೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಡ್ರಾಯಿಂಗ್ ಮೇಷ್ಟ್ರ ಮೂಗು ತಾನಾಗಿಯೇ ಮೇಲೇರುತ್ತಿತ್ತು. ಕಸದ ಮೇಲೆ ಅವರಿಗೆ ದ್ವೇಷವಿರಲಿಲ್ಲ, ಕಲೆಯ ಮೇಲಂತೂ ಇರಲೇ ಇಲ್ಲ. ಎರಡನ್ನೂ ಸೇರಿಸಿ ಅಂಟು ಬಳಿದು, ಮೇಲೆ ಮಿನುಗುಪುಡಿ ಚೆಲ್ಲಿ, ಮಗುವಿನ ಕೈಗೆ ಕೊಟ್ಟು ಫೋಟೋ ಹೊಡೆಯುವ ಜನರನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು.

ಐಸ್‌ಕ್ರೀಮ್ ಕಡ್ಡಿಯ ಮನೆಯನ್ನೇ ತೆಗೆದುಕೊಳ್ಳಿ. ಆ ಮನೆ ಕಟ್ಟಲೆಂದು ಐಸ್‌ಕ್ರೀಮ್ ತಿಂದ ಒಂದೇ ಒಂದು ಮಗುವನ್ನೂ ಮೇಷ್ಟ್ರು ಇದುವರೆಗೆ ಕಂಡಿಲ್ಲ. ಕಡ್ಡಿಗಳು ಅಂಗಡಿಯಿಂದ ಕಟ್ಟುಗಟ್ಟಲೆ ಬರುತ್ತವೆ, ಯಾರ ನಾಲಿಗೆಯೂ ಮುಟ್ಟದ ಕಡ್ಡಿಗಳು. ಅದಕ್ಕೆ ಹೆಸರು ಮರುಬಳಕೆ. ಒಮ್ಮೆಯೂ ಬಳಸದ್ದನ್ನು ಮತ್ತೆ ಬಳಸುವುದು ಹೇಗೆ ಎಂದು ಕೇಳಿದರೆ ತಾಯಂದಿರು "ಸರ್ ತಮಾಷೆ ಮಾಡ್ತಾರೆ" ಎಂದು ನಗುತ್ತಿದ್ದರು. ಮೇಲಿನ ಮಹಡಿಯ ಹೆಂಗಸಂತೂ ಮಗನ ತಿಮಿಂಗಿಲಕ್ಕೆ ನೀಲಿ ಬಾಟಲಿಯೇ ಆಗಬೇಕೆಂದು ಇನ್ನೂ ಮುಚ್ಚಳ ತೆಗೆಯದ ಶಾಂಪೂವನ್ನು ತಂದು ಬಕೆಟ್ಟಿಗೆ ಸುರಿದಿದ್ದಳು. ಆ ಮನೆಯವರು ತಲೆ ತೊಳೆದೂ ತೊಳೆದೂ ಸಾಕಾಗಿ ಕೊನೆಗೆ ನೆಲವನ್ನೂ ಅದರಲ್ಲೇ ಒರೆಸಿದರು. ಮೆಟ್ಟಿಲ ಮೇಲೆ ಆ ವಾಸನೆ ಬಂದಾಗಲೆಲ್ಲ ಮೇಷ್ಟ್ರು "ಓ, ತಿಮಿಂಗಿಲ ಹೊರಟಿತು" ಎನ್ನುತ್ತಿದ್ದರು. ಆ ಹೆಂಗಸು ಅದನ್ನು ಹೊಗಳಿಕೆ ಎಂದುಕೊಂಡು ಕುಶಲ ವಿಚಾರಿಸುತ್ತಿದ್ದಳು. ಇಂಥವರಿಗೆ ಬೈಯುವುದೂ ದಂಡ ಎಂದು ಮೇಷ್ಟ್ರು ಕೈಬಿಟ್ಟಿದ್ದರು.

ಸರ್ವಿಸ್ ಪೂರ್ತಿ ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟವರು. ಲೆಕ್ಕದ ಮೇಷ್ಟ್ರಿಗೆ, ವಿಜ್ಞಾನದ ಮೇಷ್ಟ್ರಿಗೆ ಸಿಕ್ಕ ಮರ್ಯಾದೆಯ ಕಾಲುಭಾಗವೂ ತಮಗೆ ಸಿಗಲಿಲ್ಲವೆಂಬ ಕಿಚ್ಚು ಒಳಗೇ ಹೊಗೆಯಾಡುತ್ತಿತ್ತು. ಆ ಹೊಗೆಗೆ ದಾರಿ ಸಿಕ್ಕಿದ್ದು ನಿವೃತ್ತಿಯಾದ ಮೇಲೆ. ಮೊಮ್ಮಗಳ ಶಾಲೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ 'ಕಸದಿಂದ ಕಲೆ' ಪ್ರದರ್ಶನಕ್ಕೆ ತೀರ್ಪುಗಾರರಾಗಿ ಬನ್ನಿ ಎಂದು ಹೆಡ್ ಮೇಡಂ ಹೋದ ವರ್ಷ ಕರೆದರು. ಮೇಷ್ಟ್ರು ಹೋದರು, ನೋಡಿದರು, ಮೈಕ್ ಹಿಡಿದರು. ಬಾಟಲಿಯ ಪೆಂಗ್ವಿನ್ನುಗಳು ಕಾರ್ಖಾನೆಯಿಂದ ಇಳಿದಂತೆ ಸಾಲಾಗಿ ನಿಂತಿದ್ದವು. ಪೇಪರ್ ಸುರುಳಿಯ ಹೂದಾನಿಗಳಿಗೆ ಸ್ಪ್ರೇ ಪೇಂಟ್ ಹೊಡೆದು, ಗಾಜಿನ ಪೆಟ್ಟಿಗೆಯೊಳಗೆ ದೀಪ ಹಾಕಿ ಇಟ್ಟಿದ್ದರು. "ಈ ಹಾಲ್‌ನಲ್ಲಿ ಒಂದು ಮಗುವಿನ ಬೆರಳಚ್ಚೂ ನನಗೆ ಕಾಣಲಿಲ್ಲ. ಅಪ್ಪ ಅಮ್ಮಂದಿರು ಬಹುಮಾನಕ್ಕೆ ಹಪಹಪಿಸೋದಾದ್ರೆ ನಾಳೆಯಿಂದ ಯೂನಿಫಾರ್ಮ್ ಹಾಕ್ಕೊಂಡು ಬರಲಿ" ಎಂದು ಹೇಳಿ ಮೊದಲ ಬಹುಮಾನ ಯಾರಿಗೂ ಕೊಡದೆ ಇಳಿದುಬಿಟ್ಟರು. ಮನೆಗೆ ಬರುವಾಗ ಮೇಷ್ಟ್ರ ನಡಿಗೆಯೇ ಬದಲಾಗಿತ್ತು.

ದೊಡ್ಡವರ ಕೈಚಳಕ ಹಿಡಿಯಲು ಅವರ ಬಳಿ ಪರೀಕ್ಷೆಗಳಿದ್ದವು. ದೊಡ್ಡವರು ಅಂಟನ್ನು ಚುಕ್ಕೆ ಚುಕ್ಕೆಯಾಗಿ ಇಡುತ್ತಾರೆ, ಮಗು ಸುರಿಯುತ್ತದೆ. ಮಗುವಿಗೆ ಯಾವುದು ಮುಖ್ಯವೋ ಅದು ದೊಡ್ಡದಾಗಿರುತ್ತದೆ, ಅಳತೆಗಿಳತೆ ಅದರ ಗೊಡವೆಯಲ್ಲ. ಇವೆಲ್ಲಕ್ಕಿಂತ ನಂಬಿಕೆಯದು ಕತ್ತರಿ. ಮಗು ಕಾಗದವನ್ನು ಬಿಗಿಯಾಗಿ ಹಿಡಿದು ಕತ್ತರಿಯನ್ನು ತಿರುಗಿಸುತ್ತದೆ, ಹಾಗಾಗಿ ದುಂಡಗಿರಬೇಕಾದ ಅಂಚಿನಲ್ಲಿ ಸಣ್ಣ ಸಣ್ಣ ಮೂಲೆಗಳು ಹುಟ್ಟುತ್ತವೆ. ಕಲಿತ ಕೈ ಕತ್ತರಿಯನ್ನು ನಿಲ್ಲಿಸಿ ಕಾಗದವನ್ನು ತಿರುಗಿಸುತ್ತದೆ, ಅಂಚು ನುಣ್ಣಗೆ ಬರುತ್ತದೆ. "ನನಗೆ ಬೇರೇನೂ ಬೇಡ, ಅಂಚು ತೋರಿಸಿ, ಯಾರ ಕೈ ಅಂತ ಹೇಳ್ತೀನಿ" ಎಂದು ಅವರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಸಿಕ್ಕವರು ಹಾಲಿನ ಪ್ಯಾಕೆಟ್ ಹಿಡಿದು ನಿಂತಿರಲಿ, ಬಸ್ಸಿಗೆ ಓಡುತ್ತಿರಲಿ, ಕೇಳಿಸಿಕೊಳ್ಳಲೇಬೇಕಿತ್ತು.

ಹೆಂಡತಿ ತೀರಿಕೊಂಡ ಮೇಲೆ ಅವರು ಮಗಳ ಮನೆಯಲ್ಲಿದ್ದರು. ಮಗಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಅಳಿಯ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ದೊಡ್ಡ ದೊಡ್ಡ ಕಟ್ಟಡಗಳ ಕತ್ತಲ ಕೊಳವೆಗಳಲ್ಲಿ ದಿನವಿಡೀ ಒಬ್ಬನೇ ನೇತಾಡಿ ಬಂದವನಿಗೆ ಮಾವನ ಟೀಕೆಗಳು ಫ್ಯಾನಿನ ಸದ್ದಿನಂತೆ ಅಭ್ಯಾಸವಾಗಿಬಿಟ್ಟಿದ್ದವು. ಮೊಮ್ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಅವಳನ್ನು ಇರುವೆ ಎಂದೇ ಕರೆಯುತ್ತಿದ್ದರು. ಮುಚ್ಚಳ, ದಾರದ ತುಂಡು, ಬ್ರೆಡ್ ಪ್ಯಾಕೆಟ್ಟಿಗೆ ಸುತ್ತಿದ ತಂತಿ, ಏನು ಕೆಳಗೆ ಬಿದ್ದರೂ ಎಳೆದುಕೊಂಡು ಹೋಗಿ ಹಿಂದಿನ ಬಾಲ್ಕನಿಯಲ್ಲಿದ್ದ ಬಟ್ಟೆ ಒಗೆಯುವ ಯಂತ್ರದ ಹಿಂದಿನ ಸಂದಿಯಲ್ಲಿ ಕೂಡಿಡುತ್ತಿದ್ದಳು.

ಇರುವೆ ಚಿಕ್ಕವಳಿದ್ದಾಗ ಬರೆದದ್ದನ್ನೆಲ್ಲ ತಾತನ ಕುರ್ಚಿಯ ಬಳಿಗೆ ತರುತ್ತಿದ್ದಳು. ತಾತ ಪೇಪರಿನಿಂದ ಅರ್ಧ ಕಣ್ಣು ಎತ್ತಿ, "ಕೈ ಎಲ್ಲಿಂದ ಹೊರಡುತ್ತೆ? ಹೊಟ್ಟೆಯಿಂದಲಾ? ನಿನ್ನ ಕೈ ನೋಡ್ಕೋ, ಆಮೇಲೆ ಬರಿ" ಎನ್ನುತ್ತಿದ್ದರು. ಚೆನ್ನಾಗಿದೆ ಎಂಬ ಮಾತನ್ನು ಅವರು ಇಡೀ ಸರ್ವಿಸ್ಸಿನಲ್ಲಿ ಯಾವ ಮಗುವಿಗೂ ಹೇಳಿರಲಿಲ್ಲ. ಅದು ಮಕ್ಕಳಿಗೆ ಕೊಡುವ ಲಂಚ ಎಂಬುದು ಅವರ ಅಭಿಪ್ರಾಯ. ಎರಡು ವರ್ಷದಿಂದ ಇರುವೆ ತೋರಿಸುವುದನ್ನು ನಿಲ್ಲಿಸಿದ್ದಳು. ಮಾಡುವುದನ್ನು ನಿಲ್ಲಿಸಿರಲಿಲ್ಲ. ಮೇಷ್ಟ್ರು ಈ ವ್ಯತ್ಯಾಸವನ್ನು ಗಮನಿಸಿರಲಿಲ್ಲ.

ಈ ವರ್ಷವೂ ಕರೆ ಬಂತು. ಊಟದ ಮೇಜಿನಲ್ಲಿ ಮೇಷ್ಟ್ರು ಶಾಸನ ಹೊರಡಿಸಿದರು.

"ನೋಡಿ, ಈ ಸಲ ಇವಳು ಏನು ಮಾಡ್ತಾಳೋ ನನಗೆ ತೋರಿಸಬಾರದು, ಹೇಳಬಾರದು. ಪ್ರದರ್ಶನದ ವಿಷಯ ಒಂದು ಮಾತೂ ನನ್ನ ಕಿವಿಗೆ ಬೀಳಬಾರದು. ಜಡ್ಜ್ ಆದವನಿಗೆ ಮನೆ ಇರಲ್ಲ."

"ಮನೆ ಇಲ್ದೋರು ಇನ್ನೆರಡು ಚಮಚ ಅನ್ನ ಹಾಕಿಸ್ಕೊಳ್ಳಿ" ಎಂದಳು ಮಗಳು.

ಇರುವೆ ಮಾತ್ರ ಊಟ ಬಿಟ್ಟು ತಾತನನ್ನೇ ನೋಡುತ್ತಿದ್ದಳು. "ಹಾಗಾದ್ರೆ ತಾತ, ನಂದು ಯಾವ್ದು ಅಂತ ಗೊತ್ತಿಲ್ದೇನೇ ನೋಡ್ತೀರಾ?"

"ಹೂಂ. ಬರೀ ನಂಬರ್ ಇರುತ್ತೆ."

"ಚೆನ್ನಾಗಿದ್ರೆ ಚೆನ್ನಾಗಿದೆ ಅಂತೀರಾ?"

"ಚೆನ್ನಾಗಿದ್ರೆ ಯಾಕೆ ಅನ್ನಲ್ಲ? ಇದ್ರೆ ತಾನೆ."

ಇರುವೆಗೆ ಅಷ್ಟು ಸಾಕಾಗಿತ್ತು. ಬಹುಮಾನದ ಕಪ್ ಅವಳಿಗೆ ಬೇಕಿರಲಿಲ್ಲ, ಅದು ಪ್ಲಾಸ್ಟಿಕ್ಕಿನದೆಂದು ಅವಳಿಗೆ ಗೊತ್ತಿತ್ತು. ತಾತನ ಬಾಯಿಂದ ಆ ಒಂದು ಮಾತು ಬೀಳಬೇಕಿತ್ತು, ಅದೂ ಮೊಮ್ಮಗಳು ಎಂದಲ್ಲ, ಗೊತ್ತಿಲ್ಲದೆ ಬೀಳಬೇಕಿತ್ತು. ಅಂದಿನಿಂದ ಯಂತ್ರದ ಹಿಂದಿನ ಸಂದಿಗೆ ಹಳೆಯ ಬೆಡ್‌ಶೀಟಿನ ಪರದೆ ಬಂತು. ಅಡುಗೆಮನೆಯಿಂದ ಮೊಟ್ಟೆಯ ಟ್ರೇ ಮಂಗಮಾಯವಾಯಿತು. ಮೇಷ್ಟ್ರು ರಕ್ತದೊತ್ತಡದ ಮಾತ್ರೆ ನುಂಗಿ ಎಸೆದ ಖಾಲಿ ಹಾಳೆಗಳು ಕಸದ ಬುಟ್ಟಿಯವರೆಗೆ ತಲುಪಲಿಲ್ಲ. ಮೇಷ್ಟ್ರು ಎಲ್ಲವನ್ನೂ ಕಂಡೂ ಕಾಣದವರಂತೆ, ನ್ಯಾಯಾಧೀಶರ ಗಾಂಭೀರ್ಯದಲ್ಲಿ ಓಡಾಡಿದರು. ಒಳಗೊಳಗೆ ಮಾತ್ರ, ಹುಡುಗಿ ಏನೋ ಅಂಟಿನ ಮುದ್ದೆ ಮಾಡುತ್ತಿದ್ದಾಳೆ, ಪಾಪ, ಮಾಡಲಿ ಎಂದುಕೊಂಡರು.

ಪ್ರದರ್ಶನದ ದಿನ ಹಾಲ್‌ನೊಳಗೆ ಕಾಲಿಟ್ಟ ಮೇಷ್ಟ್ರು ಬಾಗಿಲಲ್ಲೇ ನಿಂತರು. ಕಣ್ಣು ನಂಬಲಾಗಲಿಲ್ಲ. ಹೋದ ವರ್ಷದ ಪೆಂಗ್ವಿನ್ ಸೈನ್ಯ ಎಲ್ಲಿಯೂ ಇಲ್ಲ. ಮೇಜು ಮೇಜಿನ ಮೇಲೂ ಸೊಟ್ಟ ಸೊಟ್ಟ ಸಾಮಾನು. ಬಾಲ ಕಳಚಿದ ನಾಯಿ, ಒಂದು ಪಕ್ಕಕ್ಕೆ ವಾಲಿದ ರಾಕೆಟ್, ಕಣ್ಣು ಗಲ್ಲಕ್ಕಿಳಿದ ಗೊಂಬೆ. ಅಂಟು ಎಲ್ಲೆಡೆಯಿಂದ ಸುರಿದು ಒಣಗಿತ್ತು. ಅಂಚುಗಳೋ, ಇಲಿ ಕಡಿದ ಹಾಗೆ. ಮೇಷ್ಟ್ರಿಗೆ ಎದೆ ಉಬ್ಬಿತು. ಒಂದೇ ಒಂದು ಭಾಷಣ. ಇಷ್ಟು ವರ್ಷ ಇಲಾಖೆ ಮಾಡದ್ದನ್ನು, ಪುಸ್ತಕಗಳು ಮಾಡದ್ದನ್ನು, ತಮ್ಮ ಒಂದು ಭಾಷಣ ಮಾಡಿತ್ತು. ಬೈಯದೆ ಯಾರು ಸುಧಾರಿಸಿದ್ದಾರೆ ಎಂದು ಪಕ್ಕದಲ್ಲಿದ್ದ ಹೆಡ್ ಮೇಡಂಗೆ ಹೇಳಿದರು. ಹೆಡ್ ಮೇಡಂ ನಕ್ಕರು. ಅವರದು ಸದಾ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ನಗು.

ನಡುವಿನ ಮೇಜಿನ ಮೇಲೆ ಒಂದು ಆಮೆ ಇತ್ತು. ಮೊಟ್ಟೆಯ ಟ್ರೇಯ ಚಿಪ್ಪು, ಬಾಟಲಿ ಮುಚ್ಚಳದ ಕಾಲುಗಳು. ಮೂರು ಕಾಲು ನೆಲದ ಕಡೆ, ನಾಲ್ಕನೆಯದು ಆಕಾಶದ ಕಡೆ. ಒಂದು ಕಣ್ಣು ಗುಂಡಿ, ಇನ್ನೊಂದು ಬಟಾಣಿಯಷ್ಟು ಚಿಕ್ಕದು. ಮೇಷ್ಟ್ರಿಗೆ ಮೊಟ್ಟೆಯ ಟ್ರೇ ಕಂಡ ಕೂಡಲೇ ಅಡುಗೆಮನೆ ನೆನಪಾಯಿತು. ಇದು ನಮ್ಮ ಇರುವೆಯದೇ ಇರಬೇಕು. ಇರಲಿ, ನನಗೇನು, ನಾನು ಕೆಲಸ ನೋಡುವವನು ಎಂದು ತಮಗೆ ತಾವೇ ಹೇಳಿಕೊಂಡು, ಕೆಲಸವನ್ನೇ ನೋಡಿ, ಆ ಆಮೆಗೇ ಮೊದಲ ಸ್ಥಾನ ಎಂದು ತೀರ್ಮಾನಿಸಿದರು. ಪಕ್ಷಪಾತ ತಮ್ಮ ಹತ್ತಿರವೂ ಸುಳಿಯಲಿಲ್ಲವೆಂದು ಅವರಿಗೆ ಖಾತ್ರಿಯಾಗಿತ್ತು.

ಆಮೇಲೆ ಕೊನೆಯ ಮೇಜಿಗೆ ಬಂದರು. ಅಲ್ಲಿ ಮಗ್ಗುಲಾಗಿ ಇಟ್ಟ ಶೂ ಡಬ್ಬಿಯೊಂದಿತ್ತು. ಡಬ್ಬಿಯೊಳಗೆ ಒಂದು ಕೋಣೆ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಮಾತ್ರೆಯ ಹಾಳೆಯ ಬೆಳ್ಳಿ ಬದಿಯಿಂದ ಮಾಡಿದ ಕಿಟಕಿ, ಅದರಿಂದ ಬೆಳಕು ನಿಜವಾಗಿಯೂ ಒಳಗೆ ಬಿದ್ದಂತಿತ್ತು. ಕಿಟಕಿಯ ಪಕ್ಕ ಕುರ್ಚಿ, ಕುರ್ಚಿಯಲ್ಲಿ ಒಬ್ಬ ಮುದುಕ. ಟ್ರೇಯ ರಟ್ಟನ್ನು ನೆನೆಸಿ ಒತ್ತಿ ಮಾಡಿದ ಮುಖ, ಬಟ್ಟೆ ಒಗೆಯುವ ಯಂತ್ರದ ಜಾಲರಿಯಲ್ಲಿ ಸಿಗುವ ಬೂದು ನಾರಿನ ತಲೆಗೂದಲು, ಸಣ್ಣ ತಂತಿಯ ಕನ್ನಡಕ. ಕೈಯಲ್ಲಿ ನಿಜವಾದ ಪೇಪರಿನಿಂದ ಕತ್ತರಿಸಿದ ಪುಟಾಣಿ ಪೇಪರು. ಕೆಳತುಟಿ ಜಗತ್ತೇ ಹಳಸಿದೆ ಎನ್ನುವಂತೆ ಕೆಳಗೆ ಜಾರಿತ್ತು. ಅವನ ಮೊಣಕಾಲ ಬಳಿ ಬೆಂಕಿಕಡ್ಡಿಯಷ್ಟು ಸಣ್ಣ ಹುಡುಗಿಯೊಬ್ಬಳು ಎರಡೂ ಕೈಯಲ್ಲಿ ಏನನ್ನೋ ಎತ್ತಿ ಹಿಡಿದು ನಿಂತಿದ್ದಳು. ಮುದುಕ ಪೇಪರು ನೋಡುತ್ತಿದ್ದ.

ಒಂದು ಕ್ಷಣ ಮೇಷ್ಟ್ರ ಬಾಯಿಯವರೆಗೆ ಏನೋ ಬಂತು. ಅದು ಯಾವ ಮಾತೆಂದು ನೋಡುವ ಮೊದಲೇ ನುಂಗಿಕೊಂಡರು. ಬೆರಳು ಅಭ್ಯಾಸಬಲದಿಂದ ಅಂಚಿಗೆ ಹೋಯಿತು. ಕುರ್ಚಿಯ ಬೆನ್ನಿನ ಕಮಾನು ನುಣ್ಣಗಿತ್ತು. ಕಾಗದ ತಿರುಗಿಸಿ ಕತ್ತರಿಸಿದ್ದು. ಅಂಟು ಚುಕ್ಕೆ ಚುಕ್ಕೆ.

ಸಿಕ್ಕಿಬಿದ್ದಿರಿ ಎಂದುಕೊಂಡರು. ಎಲ್ಲರೂ ಸುಧಾರಿಸಿದರೂ ಒಂದು ಮನೆ ಮಾತ್ರ ಸುಧಾರಿಸಿಲ್ಲ. ಇದನ್ನು ಮಾಡಿದವನು ಕುಶಲಿ, ಅದರಲ್ಲಿ ಅನುಮಾನವಿಲ್ಲ, ಅದಕ್ಕೇ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು. ಆ ಮುದುಕನ ಮುಖ ನೋಡಿದರೆ ಸಾಕು, ಯಾವನೋ ಅಳಿಯ ಮಾವನ ಮೇಲಿನ ಕಿಚ್ಚನ್ನೆಲ್ಲ ತೀರಿಸಿಕೊಂಡಿದ್ದಾನೆ. ಅದನ್ನು ಮಗಳ ಹೆಸರಲ್ಲಿ ಶಾಲೆಗೆ ಕಳಿಸಿದ್ದಾನೆ. ನಾಚಿಕೆಗೇಡಿ.

"ಇದನ್ನ ವೇದಿಕೆಗೆ ತರಿಸಿ" ಎಂದರು.

ಹೆಡ್ ಮೇಡಂ ಡಬ್ಬಿಯೊಳಗೆ ನೋಡಿದರು, ಮೇಷ್ಟ್ರನ್ನು ನೋಡಿದರು, ಮತ್ತೆ ಡಬ್ಬಿಯೊಳಗೆ ನೋಡಿದರು. "ಸರ್, ಇದೊಂದು ಬಿಟ್ಬಿಡಿ ಸರ್."

"ಯಾಕೆ ಬಿಡಬೇಕು? ಯಾರಾದ್ರೂ ದೊಡ್ಡ ಮನುಷ್ಯರ ಮನೇದಾ?"

"ಹಾಗಲ್ಲ ಸರ್..."

"ಹಾಗಾದ್ರೆ ತರಿಸಿ."

ಕುರ್ಚಿಗಳು ತುಂಬಿದವು. ಮೊದಲ ಬಹುಮಾನ ಆಮೆಗೆ ಎಂದು ಘೋಷಿಸಿದಾಗ ದುಂಡು ಕೆನ್ನೆಯ ಹುಡುಗನೊಬ್ಬ ಎದ್ದು ಬಂದ. ಮೇಷ್ಟ್ರಿಗೆ ಸ್ವಲ್ಪ ಪಿಚ್ಚೆನಿಸಿತು. ಹಾಗಾದರೆ ಇರುವೆಯದು ಯಾವುದು? ಆ ವಾಲಿದ ರಾಕೆಟ್ಟೇ? ಹುಡುಗನ ಅಪ್ಪ ಮುಂದಿನ ಸಾಲಿನಿಂದ ಬಗ್ಗಿ, ಎದ್ದು, ಮಂಡಿಯೂರಿ ಫೋಟೋ ತೆಗೆಯುತ್ತಿದ್ದ. ಹುಡುಗ ಕಪ್ ಹಿಡಿದುಕೊಂಡು ಆಮೆಯನ್ನು ಅಲ್ಲೇ ಮರೆತು ಇಳಿದುಹೋದ.

ಮೇಷ್ಟ್ರು ಮೈಕನ್ನು ಹತ್ತಿರ ಎಳೆದುಕೊಂಡರು.

"ಹೋದ ವರ್ಷ ನಾನು ಬೈದೆ. ಈ ವರ್ಷ ಹೊಗಳ್ತೀನಿ. ನೀವೆಲ್ಲ ಮಕ್ಕಳ ಕೈಗೆ ಕೆಲಸ ಬಿಟ್ಟಿದ್ದೀರಿ. ಆದರೆ ಒಂದು ಮನೆಯವರಿಗೆ ಇನ್ನೂ ಬುದ್ಧಿ ಬಂದಿಲ್ಲ." ಶೂ ಡಬ್ಬಿಯನ್ನು ಎತ್ತಿ ಹಿಡಿದರು. "ಇದು ಮಗುವಿನ ಕೆಲಸ ಅಂತ ನನ್ನ ಕಣ್ಣಿಗೆ ಮಣ್ಣೆರಚೋಕೆ ನೋಡಿದ್ದಾರೆ. ಈ ಅಂಚು ನೋಡಿ. ಇದು ನುರಿತ ಕೈ. ಮಗುವಿಗೆ ಸುಳ್ಳು ಕಲಿಸೋದಕ್ಕಿಂತ ಕಸ ಕಲಿಸೋದು ವಾಸಿ. ಇದು ಯಾರದು? ನಾಚಿಕೊಳ್ಳೋದು ಬೇಡ, ಎದ್ದು ನಿಲ್ಲಿ."

ಯಾರೂ ಏಳಲಿಲ್ಲ. ಹಿಂದಿನ ಸಾಲುಗಳಲ್ಲಿ ಕುರ್ಚಿ ಸರಿದ ಸದ್ದು. ಆಮೇಲೆ ಮಕ್ಕಳ ಸಾಲಿನ ನಡುವಿನಿಂದ ಇರುವೆ ಎದ್ದು ನಿಂತಳು.

ಮೇಷ್ಟ್ರು ಸಭೆಯಲ್ಲಿ ಮಗಳನ್ನು ಹುಡುಕಿದರು. ಮೂರನೆಯ ಸಾಲಿನಲ್ಲಿ ಮಗಳು ಕುಳಿತಿದ್ದಳು, ಅಂಗಡಿಯಿಂದ ನೇರ ಬಂದವಳು, ಕತ್ತಿನಲ್ಲಿ ಇನ್ನೂ ಗುರುತಿನ ಚೀಟಿ. ಅಂದರೆ ಈ ಕುಶಲಿ ತಮ್ಮ ಮನೆಯವರೇ. ಅಂದರೆ ಅವಳು, ಸ್ವಂತ ಮಗಳು, ಅಪ್ಪನ ಬಾಯಿ ಗೊತ್ತಿದ್ದೂ. ಅಲ್ಲಿಗೆ ನಿಲ್ಲಿಸಬಹುದಿತ್ತು. ಸರಿ, ಕೂತ್ಕೋ ಎಂದು ಕೆಮ್ಮಿ ಮುಗಿಸಬಹುದಿತ್ತು. ಆದರೆ ಅಷ್ಟು ಜನ ನೋಡುತ್ತಿದ್ದರು, ಮತ್ತು ಮೇಷ್ಟ್ರಿಗೆ ನ್ಯಾಯದ ಅಮಲು ಏರಿತ್ತು.

"ಇವಳು ನನ್ನ ಮೊಮ್ಮಗಳು" ಎಂದರು ಮೈಕಿನಲ್ಲಿ. "ನನ್ನ ಮೊಮ್ಮಗಳು ಅಂತ ಬಿಡೋನಲ್ಲ ನಾನು."

ಚಪ್ಪಾಳೆ ಬಿತ್ತು.

"ಹೇಳು ಮಗು. ಇದನ್ನ ಮಾಡಿದ್ದು ಯಾರು? ನಿಜ ಹೇಳ್ಬೇಕು."

ಇರುವೆ ತಾತನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಲೆಕ್ಕ ತಪ್ಪಿದವರ ಪಾಟಿಯನ್ನು ನೋಡುವಂತೆ ನೋಡುತ್ತಿದ್ದಳು. ಆಮೇಲೆ ಅಮ್ಮನ ಕಡೆ ತಿರುಗಿ, ಮತ್ತೆ ತಾತನ ಕಡೆ ತಿರುಗಿ ಹೇಳಿದಳು. "ಅಮ್ಮ ಮಾಡಿದ್ದು."

ಈ ಸಲ ಚಪ್ಪಾಳೆ ಇನ್ನೂ ಜೋರಾಗಿತ್ತು. ಮುಂದಿನ ಸಾಲಿನಲ್ಲಿ ಆಮೆಯ ಅಪ್ಪನೇ ಎಲ್ಲರಿಗಿಂತ ಜೋರಾಗಿ ತಟ್ಟಿದ. ಮಗಳು ಏನೋ ಹೇಳಲು ಎದ್ದವಳು, ಮಗುವಿನ ಮುಖ ನೋಡಿ ಹಾಗೇ ಕುಳಿತಳು. ಈಗ ಬಾಯಿ ತೆರೆದರೆ ಮಗುವೇ ಸುಳ್ಳುಗಾತಿಯಾಗುತ್ತಾಳೆಂದು ಅವಳಿಗೆ ಹೊಳೆದಿತ್ತು. ಮೇಷ್ಟ್ರು ಇದ್ಯಾವುದನ್ನೂ ನೋಡಲಿಲ್ಲ. ಸತ್ಯ ಹೇಳಿಸಿದ ತೃಪ್ತಿಯಲ್ಲಿ ಅವರು ಶಾಲು ಸರಿಮಾಡಿಕೊಳ್ಳುತ್ತಿದ್ದರು.

ಮನೆಗೆ ಬಂದ ಮೇಲೆ ಮೇಷ್ಟ್ರು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು. ಇರುವೆ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಯಾರ ಮುಖವನ್ನೂ ನೋಡದೆ ಹಿಂದಿನ ಬಾಲ್ಕನಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

"ಊರಿಗೆಲ್ಲ ಬುದ್ಧಿ ಹೇಳಿದೆ, ಮನೇಲೇ ಹೆಗ್ಗಣ. ನಿನಗೆ ನಾಚಿಕೆ ಆಗ್ಲಿಲ್ವಾ? ಮಗು ಬಾಯಲ್ಲಿ ನಿಜ ಬಂತು, ನಿನ್ನ ಬಾಯಲ್ಲಿ ಬರ್ಲಿಲ್ಲ."

ಮಗಳು ಕತ್ತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಅವಳ ದನಿ ತಣ್ಣಗಿತ್ತು. "ನಾನು ಅದನ್ನ ಮುಟ್ಟಿಲ್ಲ ಅಪ್ಪ."

"ಮತ್ತೆ ಸುಳ್ಳು."

"ಮಾತ್ರೆ ಹಾಳೆ ಕತ್ತರಿಸು ಅಂದ್ರೆ ಪಕ್ಕದ ಮಾತ್ರೇನೂ ಸೇರಿಸಿ ಕತ್ತರಿಸ್ತೀನಿ ಅಂತ ಅಂಗಡಿ ಯಜಮಾನ್ರು ದಿನಾ ಬೈತಾರೆ. ಆ ಕೈಲಿ ಆ ಕುರ್ಚಿ ಕತ್ತರಿಸ್ತೀನಾ ನಾನು?"

ಮೇಷ್ಟ್ರು ಅಳಿಯನ ಕಡೆ ತಿರುಗಿದರು. ಅಳಿಯ ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಕೈಯ ಗ್ರೀಸ್ ಒರೆಸಿಕೊಳ್ಳುತ್ತಿದ್ದ. "ನಾನು ತಂತಿ ಕೊಟ್ಟೆ ಮಾವ. ಬಗ್ಗಿಸಿ ಕೊಡ್ಲಾ ಅಂದೆ. ಬೇಡ, ತಾತಂಗೆ ಗೊತ್ತಾಗ್ಬಿಡುತ್ತೆ, ನಾನೇ ಮಾಡ್ಬೇಕು ಅಂದ್ಲು."

"ಹಾಗಾದ್ರೆ ಆ ಅಂಚು?" ಮೇಷ್ಟ್ರ ದನಿ ಏರಿತು. "ಕಾಗದ ತಿರುಗಿಸಿ ಕತ್ತರಿಸೋದು ಒಂಬತ್ತು ವರ್ಷದ ಮಗೂಗೆ ತಾನಾಗೇ ಬರುತ್ತಾ? ಯಾರೋ ಹೇಳಿಕೊಟ್ಟಿರಬೇಕು ತಾನೆ?"

"ಹೇಳಿಕೊಟ್ಟಿದ್ದಾರೆ. ನೀವು."

"ನಾನಾ?"

"ಅವಳಿಗಾಗ ನಾಲ್ಕು ವರ್ಷ. ನಿಮ್ಮ ಕಾಲ ಹತ್ರ ಕೂತು ಹಳೇ ಪೇಪರ್ ಕತ್ತರಿಸ್ತಿದ್ಲು. ನೀವು ಕೈ ಮೇಲೆ ಸ್ಕೇಲಲ್ಲಿ ತಟ್ಟಿ, ಕತ್ತರಿ ತಿರುಗಿಸ್ಬೇಡ, ಕಾಗದ ತಿರುಗಿಸು ಅಂದ್ರಿ. ಅಂಟು ಸುರೀಬೇಡ, ಚುಕ್ಕೆ ಇಡು ಅಂದ್ರಿ. ನಿಮಗೆ ಮರೆತು ಹೋಗಿದೆ. ಅವಳು ಅವತ್ತಿಂದ ಬೇರೆ ಥರ ಕತ್ತರಿಸೇ ಇಲ್ಲ."

ಮೇಷ್ಟ್ರು ಚಪ್ಪಲಿ ಬಿಟ್ಟರು. ಒಂದು ಕಾಲಿನದನ್ನು ಬಿಟ್ಟು ಇನ್ನೊಂದನ್ನು ಬಿಡಲು ಹೊತ್ತು ಹಿಡಿಯಿತು. ಸೋತ ಜಾಗದಿಂದ ಸರಿದು ಇನ್ನೊಂದು ಕಡೆ ಕಾಲೂರಲು ನೋಡಿದರು. "ಸರಿ, ಅದೊಂದು ತಪ್ಪಿರಬಹುದು. ಉಳಿದದ್ದು ನೋಡು. ಇಡೀ ಹಾಲ್‌ನಲ್ಲಿ ಮಕ್ಕಳೇ ಮಾಡಿದ ಕೆಲಸ. ಆ ಆಮೆ..."

ಮಗಳು ನಕ್ಕಳು. ಅದು ನಗುವಿನ ಜಾತಿಗೆ ಸೇರಿದ್ದಲ್ಲ. "ಹೋದ ವರ್ಷ ನೀವು ಬೈದದ್ದೇ ತಡ, ಈ ಜಡ್ಜ್‌ಗೆ ಸೊಟ್ಟ ಇಷ್ಟ ಅಂತ ಎಲ್ಲರಿಗೂ ಗೊತ್ತಾಯ್ತು. ಅಂಗಡಿಗೆ ಬಂದ ಹೆಂಗಸರೇ ಹೇಳ್ತಿದ್ರು, ಈ ಸಲ ಎಲ್ಲ ಎಡಗೈಲಿ ಮಾಡ್ತಿದೀವಿ ಅಂತ. ಒಬ್ಬರಂತೂ ಎಡಗೈಲಿ ಕತ್ತರಿ ಹಿಡಿದು ಬೆರಳೇ ಕತ್ತರಿಸ್ಕೊಂಡು ಬ್ಯಾಂಡೇಜ್ ತಗೊಂಡು ಹೋದ್ರು. ಆ ಆಮೆ ಹುಡುಗನ ಅಪ್ಪ ಮನೆಗಳಿಗೆ ಒಳಾಂಗಣ ಅಲಂಕಾರ ಮಾಡೋನು. ಆ ನಾಲ್ಕನೇ ಕಾಲು ಮೊದಲು ನೆಟ್ಟಗೇ ಇತ್ತಂತೆ, ಕಿತ್ತು ಮೇಲಕ್ಕೆ ಅಂಟಿಸಿದ್ನಂತೆ."

"ಇದನ್ನೆಲ್ಲ ನನಗೆ ಯಾಕೆ ಮೊದಲೇ ಹೇಳ್ಲಿಲ್ಲ?"

"ಒಂದು ಮಾತೂ ಕಿವಿಗೆ ಬೀಳಬಾರದು ಅಂದವ್ರು ಯಾರು?"

ಮೇಷ್ಟ್ರು ಕುರ್ಚಿಯಲ್ಲಿ ಕುಳಿತರು. ಅಳಿಯ ನೀರು ತಂದುಕೊಟ್ಟ. ಕೊಟ್ಟವನು ಹೋಗದೆ ಅಲ್ಲೇ ನಿಂತ. ಹೇಳಲೋ ಬೇಡವೋ ಎಂದು ಎರಡು ಸಲ ಬಾಯಿ ತೆರೆದು ಮುಚ್ಚಿ, ಕೊನೆಗೆ ಹೇಳಿಯೇಬಿಟ್ಟ. "ಆ ಡಬ್ಬಿಯೊಳಗಿನ ತಾತ ಯಾರು ಅಂತ ನಿಮಗೆ ಗೊತ್ತಾಗ್ಲೇ ಇಲ್ವಾ ಮಾವ? ಶಾಲೇಲಿ ಎಲ್ಲರಿಗೂ ಗೊತ್ತಾಯ್ತಂತೆ."

ಆಗ ಮೇಷ್ಟ್ರಿಗೆ ಕಾಣಿಸಿತು. ಡಬ್ಬಿಯಲ್ಲಿ ಕಿಟಕಿ ಎಡಗಡೆ ಇತ್ತು, ಈಗ ತಾವು ಕುಳಿತ ಕುರ್ಚಿಗೂ ಎಡಗಡೆಯೇ ಇದೆ. ಕೈಯಲ್ಲಿ ಪೇಪರು. ಜಾರಿದ ಕೆಳತುಟಿಯನ್ನು ಅವರು ಮುಟ್ಟಿ ನೋಡಿಕೊಳ್ಳಲಿಲ್ಲ, ಅಷ್ಟು ಧೈರ್ಯ ಬರಲಿಲ್ಲ. ಅವರನ್ನು ಇರಿದದ್ದು ಆ ಮುಖವೂ ಅಲ್ಲ. ಮೊಣಕಾಲ ಬಳಿ ನಿಂತ ಆ ಬೆಂಕಿಕಡ್ಡಿಯಷ್ಟು ಹುಡುಗಿ. ಅವಳು ಎತ್ತಿ ಹಿಡಿದದ್ದು ಏನೆಂದು ಅವರು ಬಗ್ಗಿ ನೋಡಿಯೂ ನೋಡಿರಲಿಲ್ಲ, ಅಂಚು ನೋಡುವ ಭರದಲ್ಲಿದ್ದರು. ಜೀವಮಾನದಲ್ಲಿ ಎಷ್ಟೋ ಜನರನ್ನು ಅವರು ಮೂರ್ಖರೆಂದು ಕರೆದಿದ್ದರು. ಆ ಮಾತನ್ನು ತಮಗೆ ಹಚ್ಚಿ ನೋಡಿದರೆ ಎಲ್ಲೂ ಸಡಿಲವಾಗದೆ ಸರಿಯಾಗಿ ಕೂರುತ್ತಿತ್ತು. ನಾಚಿಕೆಯಾಯಿತು. ಅದಕ್ಕೂ ಮೊದಲು, ಅಭ್ಯಾಸಬಲದಿಂದ, ಸ್ವಲ್ಪ ಸಿಟ್ಟೂ ಬಂತು. ಸುಳ್ಳು ಯಾಕೆ ಹೇಳಬೇಕಿತ್ತು ಆ ಹುಡುಗಿ? ನಾನೇ ಮಾಡಿದ್ದು ಎಂದು ಒಂದು ಮಾತು ಹೇಳಿದ್ದರೆ?

ಆ ಸಿಟ್ಟನ್ನೇ ಊರುಗೋಲು ಮಾಡಿಕೊಂಡು ಎದ್ದು ಬಾಲ್ಕನಿಗೆ ಹೋದರು.

ಇರುವೆ ನೆಲದ ಮೇಲೆ ಕುಳಿತು ಡಬ್ಬಿಯನ್ನು ಬಿಚ್ಚುತ್ತಿದ್ದಳು. ಸಿಟ್ಟಿನಿಂದ ಹರಿಯುತ್ತಿರಲಿಲ್ಲ, ಒಂದೊಂದನ್ನೇ ನಿಧಾನವಾಗಿ ಬಿಡಿಸಿ ವಿಂಗಡಿಸುತ್ತಿದ್ದಳು. ಬೆಳ್ಳಿ ಹಾಳೆ ಒಂದು ಕಡೆ, ತಂತಿ ಒಂದು ಕಡೆ, ರಟ್ಟು ಒಂದು ಕಡೆ. ಮುದುಕನ ಕುರ್ಚಿ ಆಗಲೇ ಚಪ್ಪಟೆಯಾಗಿತ್ತು. ಮುದುಕ ಕಾಣಲಿಲ್ಲ.

"ಯಾಕೆ ಬಿಚ್ತಿದ್ದೀಯ?"

"ಮುಗೀತಲ್ಲ ತಾತ. ಡಬ್ಬಿ ಬೇರೆದಕ್ಕೆ ಬೇಕು."

ಮೇಷ್ಟ್ರು ಯಂತ್ರಕ್ಕೆ ಒರಗಿ ನಿಂತರು. ಕೇಳಬೇಕೆಂದಿದ್ದ ಮಾತು ಬಾಗಿಲಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ಶಕ್ತಿ ಕಳೆದುಕೊಂಡಿತ್ತು. "ಅಮ್ಮ ಮಾಡಿದ್ದು ಅಂತ ಯಾಕೆ ಹೇಳ್ದೆ? ನೀನೇ ಮಾಡಿದ್ದಲ್ವಾ?"

"ಹೂಂ. ನಾನೇ ಮಾಡಿದ್ದು."

"ಮತ್ತೆ? ಎದ್ದು ನಿಂತು ಹೇಳೋಕೇನಾಗಿತ್ತು? ನಾನು ಬೈತೀನಿ ಅಂತ ಹೆದರ್ಕೊಂಡ್ಯಾ?"

ಇರುವೆ ತಲೆ ಎತ್ತಿ ನೋಡಿದಳು. ಆ ಮುಖದಲ್ಲಿ ಹೆದರಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. 

"ನೀವು ಆಗಲೇ ಮೈಕಲ್ಲಿ ಹೇಳ್ಬಿಟ್ಟಿದ್ರಲ್ಲ ತಾತ. ಅಷ್ಟು ಜನರ ಮುಂದೆ. ನಾನು ನಿಜ ಹೇಳಿದ್ರೆ ನಿಮಗೆ ಅವಮಾನ ಆಗ್ತಿತ್ತು. ಅಮ್ಮ ಆದ್ರೆ ಬೇಜಾರು ಮಾಡ್ಕೊಳಲ್ಲ, ಅದಕ್ಕೇ."

ಮೇಷ್ಟ್ರಿಗೆ ತಿರಸ್ಕಾರ ಗೊತ್ತಿತ್ತು, ಕೊಡುವುದೂ ಗೊತ್ತಿತ್ತು, ಬಂದರೆ ಅದನ್ನು ಮುಖಕ್ಕೆ ಹೊಡೆದಂತೆ ಮರಳಿಸುವುದೂ ಗೊತ್ತಿತ್ತು. ಇದು ಅದಲ್ಲ. ತೊದಲುವ ಮಗುವನ್ನು ಬೇರೆಯವರು ನಗದಂತೆ ದೊಡ್ಡವರು ಅಡ್ಡ ಬಂದು ಕಾಯುತ್ತಾರಲ್ಲ, ಅಂಥದ್ದು. ಅದನ್ನು ಅವರು ಯಾವ ಮಗುವಿಗೂ ಮಾಡಿದವರಲ್ಲ. ಈಗ ಒಂಬತ್ತು ವರ್ಷದ ಹುಡುಗಿ ಅವರಿಗೆ ಮಾಡಿದ್ದಳು, ಚಪ್ಪಾಳೆಯ ನಡುವೆ, ಯಾರಿಗೂ ಗೊತ್ತಾಗದ ಹಾಗೆ.

ಮೇಷ್ಟ್ರು ಎರಡು ಸಲ ಕೆಮ್ಮಿದರು. ನೆಲದ ಮೇಲಿನ ರಟ್ಟಿನ ರಾಶಿಯ ಕಡೆ ಕೈ ತೋರಿಸಿ, ಇಷ್ಟು ವರ್ಷ ಆಡದ ಮಾತನ್ನು ನಾಲಿಗೆಯ ಮೇಲೆ ಹುಡುಕಿ, "ಅದು... ಚೆನ್ನಾಗಿತ್ತು" ಎಂದರು.

"ಗೊತ್ತು ತಾತ" ಎಂದಳು ಇರುವೆ.

ಡಬ್ಬಿಯ ನಾಲ್ಕೂ ಮೂಲೆ ಬಿಡಿಸಿ, ಅಂಗೈಯಿಂದ ಒತ್ತಿ ಹಾಳೆಯಂತೆ ಚಪ್ಪಟೆ ಮಾಡಿದಳು. ತಾತ ಇನ್ನೂ ಅಲ್ಲೇ ನಿಂತಿರುವುದನ್ನು ಕಂಡು, ಅವರಿಗೆ ಇನ್ನೂ ಏನೋ ಬೇಕಾಗಿದೆಯೆಂದುಕೊಂಡಳೇನೋ, ದನಿಯನ್ನು ಮೆತ್ತಗೆ ಮಾಡಿ ಹೇಳಿದಳು. "ನೀವು ಬೇಜಾರು ಮಾಡ್ಕೋಬೇಡಿ. ನಿಮ್ಮ ಭಾಷಣ ಎಲ್ಲರಿಗೂ ಇಷ್ಟ ಆಯ್ತು."